ಮೇಲಿನದೋ ಕೆಳಗಿನದೋ

೧೪ ಸೆಪ್ಟೆಂಬರ್ ೨೦೨೫, ಭಾನುವಾರ. ಓಜಿಮಾ, ಟೋಕಿಯೋ

ಕೊಂಬಿನಿಯಿಂದ ಈ ನೋಟ್‌ಬುಕ್ ತಂದೆ. ಈ ಊರಿನಲ್ಲಿ ಬೀದಿಗೊಂದು ಇರುವ ಪುಟ್ಟ ಅಂಗಡಿಗೆ ಹಾಗೆನ್ನುತ್ತಾರೆ. ಛತ್ರಿ, ಹಾಲು, ಬಿಸಿ ಬನ್ನು ಎಲ್ಲ ಸಿಗುತ್ತದೆ, ಹಸಿಮೆಣಸಿನಕಾಯಿ ಒಂದು ಬಿಟ್ಟು. ಮೂವತ್ತು ವರ್ಷ ಕಾಲೇಜಿನಲ್ಲಿ ಎನ್‌ಸಿಸಿ ಹುಡುಗಿಯರಿಗೆ ದಿನಾ ಡೈರಿ ಬರೆಯಿರಿ ಎಂದು ಜೀವ ತಿಂದವಳು ನಾನು. ಸ್ವತಃ ಒಂದು ದಿನವೂ ಬರೆದವಳಲ್ಲ. ಈಗ ಬರೆಯಲು ಕೂತದ್ದು, ಮನೆಯಲ್ಲಿ ಹೇಳಿದರೆ ನಗುವಂಥ ಒಂದು ಆಸೆ ಹುಟ್ಟಿಕೊಂಡಿದೆ ಎಂದು.

ಮೊದಲು ಹಾಜರಿ. ಕಾಮಾಕ್ಷಿ, ಅರವತ್ತೊಂದು ವರ್ಷ, ಮೈಸೂರು, ನಿವೃತ್ತ ಎನ್‌ಸಿಸಿ ಕ್ಯಾಪ್ಟನ್, ಸದ್ಯ ಬಾಣಂತನದ ಡ್ಯೂಟಿ ಮೇಲೆ ಟೋಕಿಯೋದಲ್ಲಿ. ಯಾಮಿನಿ, ನನ್ನ ಒಬ್ಬಳೇ ಮಗಳು, ಬಾಣಂತಿ. ಕಿರಣ, ಅಳಿಯ, ಸಾಫ್ಟ್‌ವೇರ್. ಸ್ಪಂದನಾ, ಮೊಮ್ಮಗಳು, ಒಂದು ತಿಂಗಳು ಹತ್ತು ದಿನ. ಹೆಸರು ಕಾಗದದಲ್ಲಿ ಮಾತ್ರ, ಕರೆಯುವುದು ಪಾಪು ಎಂದೇ. ನನ್ನ ವೀಸಾ ತೊಂಬತ್ತು ದಿನ. ನವೆಂಬರ್ ಹದಿನಾಲ್ಕಕ್ಕೆ ವಾಪಸ್ಸು. ಇನ್ನು ಉಳಿದದ್ದು ಅರವತ್ತೊಂದು ದಿನ, ನನ್ನ ವಯಸ್ಸಿನಷ್ಟೇ.

ಈಗ ಆಸೆಯ ವಿಷಯ. ಇವತ್ತು ಕಿರಣ ಪಾಪುವಿಗೆ ಥರ್ಮಾಮೀಟರ್ ತರಲು ಅಕಿಹಬಾರಾ ಕಡೆ ಹೊರಟರು, ನಾನೂ ಜೊತೆಗೆ ಹೋದೆ. ಒಂದು ಗಲ್ಲಿಯಲ್ಲಿ ಗಾಜಿನ ಬೀರು, ಅದರೊಳಗೆ ಸಾಲುಸಾಲು ಪಿಸ್ತೂಲು. ನಾನು ನಿಂತೇ ಬಿಟ್ಟೆ.

"ನಿಜವಾದ್ದಲ್ಲ ಅತ್ತೆ," ಎಂದರು ಕಿರಣ. "ಈ ದೇಶದಲ್ಲಿ ಅದನ್ನ ಯಾರೂ ಇಟ್ಕೊಳೋ ಹಾಗಿಲ್ಲ. ಇದು ಪ್ಲಾಸ್ಟಿಕ್ ಗೋಲಿ ಹೊಡಿಯೋದು. ಆದ್ರೆ ಸೈಜು, ವೆಯ್ಟು ಎಲ್ಲಾ ಒರಿಜಿನಲ್ ನೈನ್ ಎಂಎಂ ಥರಾನೇ."

ನೈನ್ ಎಂಎಂ. ನಮಗೆ ಕೊಡುತ್ತಿದ್ದದ್ದು ಪಾಯಿಂಟ್ ಟೂ ಟೂ ರೈಫಲ್ಲು. ನೆಲದ ಮೇಲೆ ಬೋರಲು ಮಲಗಿ ಹೊಡೆಯಬೇಕು, ಎದ್ದಾಗ ಮೈಯೆಲ್ಲ ಮಣ್ಣು. ಒಂಬತ್ತು ಮಿಲಿಮೀಟರಿನ ಪಿಸ್ತೂಲು ಕರ್ನಲ್ ಸಾಹೇಬರ ಸೊಂಟದಲ್ಲಿ ಇರುತ್ತಿತ್ತು. ಒಂದು ಕ್ಯಾಂಪಿನಲ್ಲಿ ಗುಂಡು ತೆಗೆದು ನನ್ನ ಕೈಗೆ ಕೊಟ್ಟರು, ಹತ್ತು ಎಣಿಸುವಷ್ಟರಲ್ಲಿ ವಾಪಸ್ಸು ತೆಗೆದುಕೊಂಡರು. ಮೂವತ್ತೆರಡು ವರ್ಷವಾಯಿತು. ಅಂಗೈಗೆ ಆ ಭಾರ ಇನ್ನೂ ಗೊತ್ತು.

ಬೀರುವಿನಲ್ಲಿ ಎರಡು ಇವೆ, ಒಂದು ಮೇಲಿನ ಹಲಗೆಯಲ್ಲಿ, ಒಂದು ಕೆಳಗಿನದರಲ್ಲಿ. ತದ್ರೂಪು ಅಕ್ಕತಂಗಿಯರು. ಒಂದನ್ನು ಕೊಳ್ಳುತ್ತೇನೆ. ಯಾವುದು ಎಂದು ಹೊರಡುವುದರೊಳಗೆ ತೀರ್ಮಾನ ಮಾಡಿದರಾಯಿತು.

೧೭ ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಹತ್ತಕ್ಕೆ ಪಾಪುವಿನ ಸ್ನಾನ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತೇನೆ. ಎಡಗೈ ಮಗುವಿನ ತಲೆಗೆ ಆಸರೆ, ಬಲಗೈಯಲ್ಲಿ ಮಗ್ಗು. ಯಾಮಿನಿ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಾಳೆ. ಒಳಗೆ ಬಾ ಎಂದರೆ ಬರುವುದಿಲ್ಲ. ಕಾಲಿಗೆ ಎಣ್ಣೆ ಹಚ್ಚು ಎಂದರೆ ಅವಳಿಗೆ ಆಗ ಸರಿಯಾಗಿ ಫೋನ್ ಬರುತ್ತದೆ.

ಮಗುವನ್ನು ಎತ್ತಿಕೊಂಡು ನಿಲ್ಲುವುದೂ ಇಲ್ಲ. ನೆಲದ ಮೇಲೆ ಕೂತು, ಮಡಿಲಿಗೆ ಹಾಕು ಎನ್ನುತ್ತಾಳೆ. ಕೆಲಸಗಳ್ಳತನ ಎಂದುಕೊಂಡಿದ್ದೇನೆ. ನಾನು ಹೋದ ಮೇಲೆ ದಾರಿಗೆ ಬರುತ್ತಾಳೆ.

ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದದ್ದು. ಚಮಚ ಅವಳ ಎಡಗೈಗೆ ಹೋಗಿತ್ತು. ನಾನು ಸುಮ್ಮನೆ ನೋಡಿದೆ, ಬಲಗೈಗೆ ಬಂತು. ನಾಲ್ಕನೇ ವಯಸ್ಸಿನಲ್ಲೇ ತಿದ್ದಿದ ಚಾಳಿ, ಆಯಾಸವಾದಾಗ ಇಣುಕುತ್ತದೆ.

೨೦ ಸೆಪ್ಟೆಂಬರ್, ಶನಿವಾರ

ಒಬ್ಬಳೇ ರೈಲಿನಲ್ಲಿ ಹೋಗಿ ಬಂದೆ. ಕಿರಣ ಫೋನಿನಲ್ಲಿ ದಾರಿ ಹಾಕಿಕೊಟ್ಟು, ಪ್ರತಿ ಸ್ಟೇಷನ್‌ಗೂ ಒಂದು ಮೆಸೇಜು ಕಳಿಸಿ ಪ್ರಾಣ ತೆಗೆದರು.

ಅಂಗಡಿಯಾಕೆಯ ಹೆಸರು ಮೋರಿ, ಗೌರವಕ್ಕೆ ಮೋರಿ-ಸಾನ್ ಎನ್ನಬೇಕು. ಐವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ಸರಪಳಿ, ಬಾಗಿದ ಹುಬ್ಬು. ಏನು ಕೊಟ್ಟರೂ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾಳೆ, ತೀರ್ಥ ಕೊಡುವ ಹಾಗೆ. ನಾನು ಫೋನಿಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಅದು ಜಪಾನಿಯಲ್ಲಿ ಒದರುತ್ತದೆ. ಮೇಲಿನದಕ್ಕೆ ಉಎ, ಕೆಳಗಿನದಕ್ಕೆ ಶಿತಾ ಎನ್ನಬೇಕಂತೆ. ಅಷ್ಟು ಜಪಾನಿ ನನಗೆ ಸಾಕು.

ಎರಡನ್ನೂ ಮೇಜಿನ ಮೇಲೆ ಇಟ್ಟಳು. ತೂಕ ಒಂದೇ. ಉದ್ದ ಒಂದು ಕೂದಲೆಳೆ ಹೆಚ್ಚುಕಡಿಮೆ. ತುಂಬುವ ಗೋಲಿ ಅಷ್ಟೇ. ಬಣ್ಣ ಕಪ್ಪು ಮತ್ತು ಕಪ್ಪು. ಒಂದೇ ಬಣ್ಣದ ಎರಡು ರೇಷ್ಮೆ ಸೀರೆ ಮುಂದಿಟ್ಟುಕೊಂಡು ಅಂಗಡಿಯವರ ಗೋಳು ಹುಯ್ದುಕೊಂಡಂತೆ ಒಂದು ಗಂಟೆ ಕೂತೆ. ಮೋರಿ-ಸಾನ್ ಟೀ ತಂದಳು.

ಕಂಡ ವ್ಯತ್ಯಾಸ ಇಷ್ಟೇ. ಮೇಲಿನದರ ಹಿಡಿ ನಯ, ಕೆಳಗಿನದು ತುಸು ತರಕಲು. ಮೇಲಿನದರಲ್ಲಿ ಹೆಬ್ಬೆರಳಿಂದ ಒತ್ತುವ ಸೇಫ್ಟಿ ಲಿವರ್ ಒಂದು ಪಕ್ಕಕ್ಕೆ ಮಾತ್ರ. ಕೆಳಗಿನದರಲ್ಲಿ ಎರಡೂ ಪಕ್ಕಕ್ಕೆ. ಯಾತಕ್ಕೆ? ಮನುಷ್ಯರಿಗೆ ಹೊಡೆಯುವ ಕೈ ಒಂದೇ ತಾನೆ. ಅನಗತ್ಯ ಶೃಂಗಾರ.

ಮೇಲಿನದು ಥೇಟ್ ಕರ್ನಲ್ ಸಾಹೇಬರದ್ದು. ಮೇಲಿನದಕ್ಕೆ ಎಪ್ಪತ್ತೈದು ಮಾರ್ಕು, ಕೆಳಗಿನದಕ್ಕೆ ಎಪ್ಪತ್ತೆರಡು.

೨೧ ಸೆಪ್ಟೆಂಬರ್

ಪಾಪು ಮೂರು ಸಲ ನಕ್ಕಿತು. ಗ್ಯಾಸ್ ಎನ್ನುತ್ತಾರೆ ಕಿರಣ. ನನ್ನನ್ನು ನೋಡಿ ನಕ್ಕದ್ದೇ.

೨೮ ಸೆಪ್ಟೆಂಬರ್, ಭಾನುವಾರ

ಇವತ್ತು ಜಗಳ. ನಾನೇ ಶುರು ಮಾಡಿದ್ದು. ನವೆಂಬರಿನಿಂದ ಕಿರಣ ವಾರದಲ್ಲಿ ಮೂರು ದಿನ ಒಸಾಕಾದ ಆಫೀಸಿಗೆ ಹೋಗಬೇಕಂತೆ. ಹಾಗಾದರೆ ಮಗುವಿಗೆ ಸ್ನಾನ ಯಾರು ಮಾಡಿಸುತ್ತಾರೆ ಎಂದು ಕೇಳಿದೆ.

"ಒದ್ದೆ ಬಟ್ಟೇಲಿ ಒರೆಸ್ತೀನಿ," ಎಂದಳು ಯಾಮಿನಿ.

"ಮೂರು ದಿನಾನೂ? ಅವಳೇನು ಕಿಟಕಿ ಗಾಜೇನೆ?"

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನಲ್ಲಿ ಓಡುತ್ತಲೇ ಇತ್ತು. ನಾನು ಹೋಗಿ ನಿಲ್ಲಿಸಿದೆ. ಆಗ ಹೇಳಿದಳು.

ನಾನು ಬರುವುದಕ್ಕೆ ಎರಡು ದಿನ ಮುಂಚೆ. ಆಸ್ಪತ್ರೆಯಲ್ಲಿ ನರ್ಸು ಕಲಿಸಿದ ಹಾಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಸ್ನಾನ ಮಾಡಿಸುತ್ತಿದ್ದಳಂತೆ. ಎಡಗೈ ತಲೆಗೆ, ಬಲಗೈಯಲ್ಲಿ ಮಗ್ಗು. ಮಗ್ಗು ಜಾರಿತು. ಹಿಡಿಯಲು ಕೈ ಹೋಯಿತು. ಮಗುವಿನ ತಲೆ ನೀರಿಗೆ.

"ಒಂದೇ ಸೆಕೆಂಡು ಅಮ್ಮ. ಕಿರಣ ಬಾಗಿಲಲ್ಲೇ ಇದ್ರು, ಎತ್ಕೊಂಡ್ರು. ಡಾಕ್ಟರು ಏನೂ ಆಗಿಲ್ಲ ಅಂದ್ರು. ಆದ್ರೆ ಕೈ ಹೇಗೆ ಹೋಯ್ತು? ಮಗೂನ ಬಿಟ್ಟು ಮಗ್ಗಿಗೆ ಹೋಯ್ತಲ್ಲ. ಎಂಥ ತಾಯಿ ನಾನು."

ಎಲ್ಲರಿಗೂ ಆಗುತ್ತೆ ಎಂದೆ. ಎಲ್ಲರಿಗೂ ಆಗುವುದಿಲ್ಲ, ಅದು ಅವಳಿಗೂ ಗೊತ್ತು. ಕೆಲಸಗಳ್ಳತನ ಎಂದು ಹದಿನೇಳರಂದು ಬರೆದ ಸಾಲನ್ನು ಈಗ ಹೊಡೆದುಹಾಕಬೇಕು. ನನಗೆ ನಾಚಿಕೆಯಾಯಿತು.

ಉಳಿದದ್ದು ನಲವತ್ತೇಳು ದಿನ.

೧ ಅಕ್ಟೋಬರ್, ಬುಧವಾರ. ಆಯುಧಪೂಜೆ

ಕಿರಣರ ಲ್ಯಾಪ್‌ಟಾಪು, ರೈಸ್ ಕುಕ್ಕರು, ಚಾಕು, ಮಗುವಿನ ತಳ್ಳುಗಾಡಿ, ಎಲ್ಲಕ್ಕೂ ಅರಿಶಿನ ಕುಂಕುಮ. ಬೂದುಗುಂಬಳಕಾಯಿ ಸಿಗಲಿಲ್ಲ. ಜಪಾನಿನ ಪುಟ್ಟ ಕುಂಬಳಕಾಯಿ ಒಡೆಯಲು ಹೊರಟರೆ ಅದು ಕಲ್ಲು. ಮೂರು ಏಟಿಗೂ ಜಪ್ಪಯ್ಯ ಎನ್ನಲಿಲ್ಲ. ಕೆಳಗಿನ ಮನೆಯವರು ಬಂದಾರೆಂದು ಕಿರಣ ಬಾಗಿಲಲ್ಲಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನುವುದನ್ನು ಅಭ್ಯಾಸ ಮಾಡುತ್ತ ನಿಂತಿದ್ದರು. ಸಂಜೆಗೆ ಅದೇ ಹುಳಿಯಾಯಿತು.

ಮೈಸೂರಿನಿಂದ ಇವರು ಫೋನ್ ಮಾಡಿ ಸ್ಕೂಟರಿಗೆ ಹೂವು ಹಾಕಿದೆ ಎಂದರು. ನನಗೆ ಪಿಸ್ತೂಲಿನ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಪೂಜೆ ಮುಗಿಯುವಾಗ ಯಾಮಿನಿ, "ಆ ಮಗ್ಗಿಗೂ ಇಡಮ್ಮ" ಎಂದಳು. ಇಟ್ಟೆ. ಅವಳು ಕೈಮುಗಿದಳು.

೧೧ ಅಕ್ಟೋಬರ್, ಶನಿವಾರ

ಇವತ್ತಿನದು ಉದ್ದ ಇದೆ.

ಎರಡು ತಿಂಗಳಿಂದ ಅವಳು ಕೆಳಗಿನ ಪಾರ್ಕಿಗೂ ಇಳಿದಿಲ್ಲ. ಮಗುವನ್ನು ಅಪ್ಪನ ಹತ್ತಿರ ಬಿಟ್ಟು ನನ್ನ ಜೊತೆ ಬಾ, ಒಂದು ಸಾಮಾನು ಆರಿಸಬೇಕು, ಜಪಾನಿ ಮಾತಾಡಲು ನೀನು ಬೇಕು ಎಂದೆ. ಏನು ಸಾಮಾನು ಎಂದು ಅಂಗಡಿ ಬಾಗಿಲವರೆಗೆ ಹೇಳಲಿಲ್ಲ. ಬೀರು ನೋಡಿ ಅವಳು ನನ್ನನ್ನು ನೋಡಿದಳು.

"ಅಮ್ಮ. ಗನ್ನಾ?"

"ಆಟಿಕೆ ಕಣೆ."

"ಬಾಣಂತನಕ್ಕೆ ಬಂದಿರೋಳು ಗನ್ ತಗೋತಿದೀಯ." ಆಮೇಲೆ ನಕ್ಕಳು. ಸುಮ್ಮನೆ ತುಟಿ ಎಳೆದದ್ದಲ್ಲ, ಭುಜ ಕುಣಿಸಿಕೊಂಡು ನಕ್ಕಳು. ಅಲ್ಲಿಗೇ ಪಿಸ್ತೂಲಿನ ಬೆಲೆ ಬಂತು.

ಅಂಗಡಿಯ ಮಹಡಿಯಲ್ಲಿ ಹೊಡೆದು ನೋಡಲು ಒಂದು ಉದ್ದನೆಯ ಕೋಣೆ. ಕಣ್ಣಿಗೆ ಕನ್ನಡಕ, ಎದುರಿಗೆ ಕಾಗದದ ಗುರಿ. ಮೇಲಿನದರಲ್ಲಿ ನಾನು ಹತ್ತು ಹೊಡೆದೆ. ಎಂಟು ಒಳಗೆ ಬಿದ್ದವು. ಮೋರಿ-ಸಾನ್ ತಲೆಬಾಗಿದಳು. ನನ್ನ ಕತ್ತು ಒಂದಿಂಚು ಉದ್ದವಾಯಿತು, ಸುಳ್ಳೇಕೆ ಹೇಳಲಿ.

ಯಾಮಿನಿಗೂ ಕೊಟ್ಟೆ. ಕಾಲು ಅಗಲಿಸು, ಮೊಣಕೈ ಬಿಗಿ ಮಾಡಬೇಡ, ಉಸಿರು ಎಳೆ, ಅರ್ಧ ಬಿಡು, ಹಿಡಿ, ಒತ್ತು. ಮೂವತ್ತು ವರ್ಷದ ಕ್ಲಾಸು ಒಂದೇ ಉಸಿರಿಗೆ ಕೊಟ್ಟೆ. ಹತ್ತರಲ್ಲಿ ಒಂದು ಗುರಿಗೆ, ಉಳಿದವು ಗೋಡೆಗೆ. ಪಿಸ್ತೂಲನ್ನು ಕೆಳಗಿಟ್ಟುಬಿಟ್ಟಳು.

"ನನ್ ಕೈಯೇ ಸರಿ ಇಲ್ಲಮ್ಮ. ನಿಂಗೆ ಗೊತ್ತಲ್ಲ."

ಮೋರಿ-ಸಾನ್ ಅವಳನ್ನು ಏನೋ ಕೇಳಿದಳು. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರಲ್ಲಿ ಗೋಡೆ ಗಡಿಯಾರ ನೋಡಲು ಹೇಳಿದಳು. ಒಂದು ಕಣ್ಣು ಮುಚ್ಚು, ಇನ್ನೊಂದು ಮುಚ್ಚು. ಬಲಗಣ್ಣು ತೆರೆದರೆ ಗಡಿಯಾರ ಮಾಯ, ಎಡಗಣ್ಣಿಗೆ ಸಿಗುತ್ತದೆ. ಅವಳಿಗೆ ಗುರಿ ಹಿಡಿಯುವ ಕಣ್ಣು ಎಡದ್ದು. ಮೋರಿ-ಸಾನ್ ಮೇಲಿನದನ್ನು ಎತ್ತಿಟ್ಟು ಕೆಳಗಿನದನ್ನು ತಂದಳು. ಯಾಮಿನಿಯ ಎಡಗೈಗೆ ಕೊಟ್ಟಳು.

ಅವಳು ಮೊದಲು ನನ್ನ ಮುಖ ನೋಡಿದಳು. ಮೂವತ್ತಮೂರು ವರ್ಷದ ಹೆಂಗಸು, ಒಂದು ಮಗುವಿನ ತಾಯಿ, ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿ ಅಲ್ಲಿನ ಬೋರ್ಡು ಓದುವವಳಂತೆ ನಿಂತೆ. ಅದು ಜಪಾನಿಯಲ್ಲಿತ್ತು.

ಲಿವರ್ ಅವಳ ಎಡ ಹೆಬ್ಬೆರಳಿಗೆ ತಾನಾಗಿ ಸಿಕ್ಕಿತು. ಹತ್ತು ಹೊಡೆದಳು. ತಿರುಗಿ ನೋಡಿದರೆ ಎಲ್ಲವೂ ಒಂದು ಚಕ್ಕುಲಿ ಮುಚ್ಚುವಷ್ಟು ಜಾಗದಲ್ಲಿ. ನನ್ನದಕ್ಕಿಂತ ಚೆನ್ನಾಗಿ.

"ಇದೇನಮ್ಮ ಇದು," ಎಂದಳು, ಕೈಯನ್ನು ಯಾರದೋ ಎನ್ನುವಂತೆ ನೋಡಿಕೊಂಡು.

ಬರುವಾಗ ರೈಲಿನಲ್ಲಿ ಆ ಕಾಗದವನ್ನು ಮಡಚದೆ ಹಿಡಿದುಕೊಂಡಿದ್ದಳು.

೧೨ ಅಕ್ಟೋಬರ್

ಬರೆಯುವ ಮನಸ್ಸಿಲ್ಲ.

ಆ ಎಡಗೈಗೆ ಕರ್ಚೀಫು ಕಟ್ಟಿದ್ದು ನಾನು. ಊಟಕ್ಕೆ ಕೂರುವಾಗ, ಬರೆಯಲು ಕೂರುವಾಗ. ಎರಡು ವರ್ಷ ಕಟ್ಟಿದೆ. ನೀಲಿ ಅಂಚಿನದು. ಒಂದು ದಿನವೂ ಅಳಲಿಲ್ಲ ಅವಳು, ತಾನೇ ಕೈ ಚಾಚಿ ಕೊಡುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ.

೧೩ ಅಕ್ಟೋಬರ್, ಸೋಮವಾರ

ಯಾಮಿನಿ ಮಲಗಿದ್ದಾಗ ಕಿರಣರನ್ನು ಕೇಳಿದೆ. ಆವತ್ತು ಮಗ್ಗು ಹಿಡಿಯಲು ಹೋದದ್ದು ಯಾವ ಕೈ?

ಅವರು ಸ್ವಲ್ಪ ಯೋಚಿಸಿದರು. "ಎಡಗೈ ಅತ್ತೆ. ತಲೆ ಹಿಡ್ಕೊಂಡಿದ್ದ ಕೈನೇ. ರಿಫ್ಲೆಕ್ಸು. ಅವಳಿಗೆ ಏನೇ ಬಿದ್ರೂ ಆ ಕೈಯೇ ಮುಂದೆ ಹೋಗೋದು, ನೋಡಿದೀನಿ. ಯಾಕೆ?"

ಏನಿಲ್ಲ ಎಂದೆ.

೧೮ ಅಕ್ಟೋಬರ್, ಶನಿವಾರ

ಕೊನೆಗೆ ಕಿರಣರಿಗೆ ಹೇಳಿದೆ, ಒಂದನ್ನು ಮೈಸೂರಿಗೆ ಒಯ್ಯುತ್ತೇನೆ ಎಂದು. ಶೋಕೇಸಿನಲ್ಲಿ ಪದಕದ ಪಕ್ಕ ಜಾಗ ಕೂಡ ಗೊತ್ತು ಮಾಡಿದ್ದೆ. ಅವರು ಹಣೆ ಉಜ್ಜಿಕೊಂಡರು.

"ಅತ್ತೆ, ಬೆಂಗಳೂರು ಕಸ್ಟಮ್ಸ್‌ನೋರು ಇದನ್ನ ಬಿಡೋಲ್ಲ. ಲೈಸೆನ್ಸು, ಪರ್ಮಿಷನ್ನು, ಆ ತಲೆನೋವೇ ಬೇಡ. ಏರ್‌ಪೋರ್ಟಲ್ಲಿ ನಿಮ್ಮನ್ನ ಕೂರಿಸ್ಕೊಂಡ್ರೆ ಮಾವನಿಗೆ ನಾನೇನು ಹೇಳ್ಲಿ?"

ಒಂದು ತಿಂಗಳು ಮಾರ್ಕು ಹಾಕಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದೆ. ಎರಡು ಲೋಟ ಕಾಫಿ ಕುಡಿದ ಮೇಲೆ ಹೋಗಲಿ ಎನ್ನಿಸಿತು. ಕೊಳ್ಳುವುದಂತೂ ಕೊಳ್ಳುವುದೇ. ಇಲ್ಲೇ ಇರಲಿ.

೨೦ ಅಕ್ಟೋಬರ್, ಸೋಮವಾರ. ನರಕ ಚತುರ್ದಶಿ

ನಿನ್ನೆ ಸಂಜೆ ನೀರು ತುಂಬುವ ಶಾಸ್ತ್ರ. ಹಂಡೆಯಿಲ್ಲ, ಪ್ಲಾಸ್ಟಿಕ್ ಬಕೆಟ್ಟಿಗೇ ಸುಣ್ಣದ ಬದಲು ಅಕ್ಕಿಹಿಟ್ಟಿನ ಪಟ್ಟೆ ಬಳಿದೆ. ಇವತ್ತು ಪಾಪುವಿನ ಮೊದಲ ಹಬ್ಬದ ಎಣ್ಣೆಸ್ನಾನ.

ಬಚ್ಚಲು ಸಿದ್ಧ ಮಾಡುವಾಗ ಬಕೆಟ್ಟನ್ನು ಮಣೆಯ ಎಡಗಡೆಗೆ ಇಟ್ಟೆ. ಮಗ್ಗು, ಸೋಪೂ ಎಡಕ್ಕೇ. ಬಲಗಡೆ ಜಾಗ ಸಾಲದು. ಮಗುವಿಗೆ ಎಣ್ಣೆ ಹಚ್ಚಿ, ಆಮೇಲೆ ಯಾಮಿನಿಗೆ, "ಇವತ್ತು ಮೊಣಕಾಲು ನೋವು ಕಣೆ, ಕಾಲು ಚಾಚೋಕೆ ಆಗಲ್ಲ. ನೀನು ಕೂತ್ಕೋತೀಯಾ?" ಎಂದೆ.

ಟವೆಲ್ಲನ್ನು ಎರಡು ಸಲ ಮಡಚಿ ನನ್ನ ಕೈಗೆ ಕೊಟ್ಟಳು. ಆಮೇಲೆ ಕೂತಳು. ಮಗುವನ್ನು ಕಾಲ ಮೇಲೆ ಮಲಗಿಸಿದೆ. ಅವಳ ಬಲಗೈ ತಲೆಗೆ ಆಸರೆಯಾಯಿತು, ಎಡಗೈ ಮಗ್ಗಿನ ಮೇಲೆ ಹೋಯಿತು. ಮತ್ತೆ ನನ್ನ ಮುಖ ನೋಡಿದಳು.

"ಅರ್ಧ ಉಸಿರು ಬಿಡು," ಎಂದೆ. ಬೇರೇನೂ ಹೇಳಲಿಲ್ಲ.

ಮೊದಲ ಮಗ್ಗು ನೀರು ಪಾದಕ್ಕೆ. ಎರಡನೆಯದು ಹೊಟ್ಟೆಗೆ. ತಲೆಗೆ ಹಾಕುವಾಗ ಕೈ ಅಲ್ಲಾಡಲಿಲ್ಲ, ನಾನು ಕಣ್ಣಾರೆ ನೋಡಿದೆ. ಸೋಪು ಜಾರಿ ಬಿತ್ತು. ಎಡಗೈ ಹೋಗಿ ಹಿಡಿಯಿತು. ಮಗು ಇದ್ದಲ್ಲೇ ಇತ್ತು, ಬಲಗೈಯ ಆಸರೆಯಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಾ.

ಯಾಮಿನಿ ಅತ್ತಳು. ನಾನೂ. ಪಾಪು ಒಂದೇ ಅಳಲಿಲ್ಲ. ಮೊಣಕಾಲು ನೋವು ಸಂಜೆಗೆ ವಾಸಿಯಾಯಿತು.

೩೦ ಅಕ್ಟೋಬರ್

ದಿನಾ ಅವಳೇ. ನಾನು ಬಾಗಿಲಲ್ಲಿ ಟವೆಲ್ ಹಿಡಿದು ನಿಲ್ಲುತ್ತೇನೆ. ನಾನು ಪಕ್ಕಕ್ಕೆ ಸರಿದರೆ ಅಲ್ಲೇ ಇರಮ್ಮ ಎನ್ನುತ್ತಾಳೆ. ಹದಿನೈದು ದಿನ ಉಳಿದಿದೆ. ಟವೆಲ್ಲನ್ನು ಬಾಗಿಲಿಗೇ ಮೊಳೆ ಹೊಡೆದು ಹೋಗಲೇ?

೮ ನವೆಂಬರ್, ಶನಿವಾರ

ಅಂಗಡಿಗೆ ಎಲ್ಲರೂ ಹೋದೆವು, ಪಾಪು ತಳ್ಳುಗಾಡಿಯಲ್ಲಿ. ಮೋರಿ-ಸಾನ್ ಎರಡನ್ನೂ ಮೇಜಿನ ಮೇಲೆ ಇಟ್ಟು ಕಾದಳು. ನಾನು ಮೇಲಿನದನ್ನು ಒಂದು ಸಲ ಕೈಗೆ ತೆಗೆದುಕೊಂಡೆ. ಹತ್ತು ಎಣಿಸಿದೆ, ನಾನೇ ವಾಪಸ್ಸು ಇಟ್ಟೆ.

"ಶಿತಾ," ಎಂದೆ.

"ಅಮ್ಮ, ನಿಂಗೆ ಬೇಕಾಗಿದ್ದು ಮೇಲಿಂದಲ್ವಾ?" ಎಂದಳು ಯಾಮಿನಿ. "ಕರ್ನಲ್ಲು, ಕ್ಯಾಂಪು ಅಂತ ರೈಲಲ್ಲಿ ಪೂರ್ತಿ ಅದೇ ಕಥೆ ಹೇಳಿದೆ."

"ಕೆಳಗಿಂದರ ಹಿಡಿ ಜಾರಲ್ಲ. ಲಿವರ್ರೂ ಎರಡು ಕಡೆ ಇದೆ, ಅನುಕೂಲ."

ಅದು ನಿಜವೂ ಹೌದು. ಮತ್ತೊಮ್ಮೆ ಮಾರ್ಕು ಹಾಕಿದೆ. ಕೆಳಗಿನದಕ್ಕೆ ಎಂಬತ್ತು. ಮೊದಲ ಸಲ ನಾನು ಸರಿಯಾಗಿ ನೋಡಿರಲಿಲ್ಲ, ಅಷ್ಟೇ.

ಮೋರಿ-ಸಾನ್ ಪೆಟ್ಟಿಗೆಗೆ ಹಾಕಿ, ಚೀಲದಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಯಾಮಿನಿಗೆ ಕೊಟ್ಟಳು. ಅದು ಯಾರಿಗೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಕಿರಣ ಅದನ್ನು ಮೇಲಿನ ಅಟ್ಟದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಿಂಗಳಿಗೊಂದು ಶನಿವಾರ ಹೊಡೆಯಲು ಹೋಗುವುದಾಗಿ ಯಾಮಿನಿ ಮೋರಿ-ಸಾನ್‌ಗೆ ಮಾತು ಕೊಟ್ಟಿದ್ದಾಳೆ.

೧೪ ನವೆಂಬರ್, ಶುಕ್ರವಾರ. ವಿಮಾನ ನಿಲ್ದಾಣ

ವಿಮಾನಕ್ಕೆ ಇನ್ನೂ ಒಂದು ಗಂಟೆಯಿದೆ.

ಬೆಳಿಗ್ಗೆ ನನ್ನದೊಂದು ಲೆಕ್ಕಾಚಾರವಿತ್ತು. ಹೊರಡುವ ಮುಂಚೆ ಪಾಪುವಿಗೆ ಕೊನೆಯ ಸಲ ನಾನೇ ಸ್ನಾನ ಮಾಡಿಸಬೇಕು ಎಂದು. ಅದಕ್ಕೆಂದೇ ಸೂಟ್‌ಕೇಸು ನಿನ್ನೆಯೇ ಕಟ್ಟಿಟ್ಟಿದ್ದೆ. ಕಿರಣ ಒಸಾಕಾದಲ್ಲಿದ್ದಾರೆ. ನನ್ನ ಪೂಜೆ ಮುಗಿಸಿ, ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಹೋದರೆ ಬಕೆಟ್ಟು ಖಾಲಿ. ನೆಲ ಒದ್ದೆ. ಟವೆಲ್ಲು ಇಲ್ಲ.

ನಡುಮನೆಯಲ್ಲಿ ಯಾಮಿನಿ ನಿಂತಿದ್ದಳು, ಕೂತಿರಲಿಲ್ಲ, ನಿಂತಿದ್ದಳು. ಹೆಗಲ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಪಾಪು, ಸಾಂಬ್ರಾಣಿ ವಾಸನೆ.

"ಆಗೋಯ್ತಮ್ಮ. ನೀನು ಪೂಜೆಲಿದ್ದೆ, ಕರೀಲಿಲ್ಲ."

"ಬಾಗಿಲಲ್ಲಿ ಯಾರಿದ್ರು?"

"ಯಾರಿದ್ರು? ಯಾರೂ ಇರಲಿಲ್ಲ." ಅವಳು ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ನಾನು ಟವೆಲ್ಲಿನ ತುದಿಯಿಂದ ಪಾಪುವಿನ ಒದ್ದೆ ತಲೆ ಒರೆಸಿದೆ.

ಕೊನೆಯ ಸ್ನಾನ ನನಗೆ ಸಿಗಲಿಲ್ಲ. ಬೇಸರವಾಯಿತು, ಇಷ್ಟು ಸಂತೋಷ ಎಂದೂ ಆಗಿರಲಿಲ್ಲ, ಎರಡೂ ಒಟ್ಟಿಗೆ ಆದವು. ಡ್ಯೂಟಿ ಮುಗಿಯಿತು ಎನ್ನುವುದು ಇದಕ್ಕೇ ಇರಬೇಕು.

ಟ್ಯಾಕ್ಸಿ ಬಂದಾಗ ಲಿಫ್ಟಿನ ಬಾಗಿಲವರೆಗೆ ಬಂದಳು. ಬಲತೋಳಿನ ತುಂಬ ಪಾಪು. ನನ್ನ ದಾರಿಯ ಮೊಸರನ್ನದ ಡಬ್ಬಿಯನ್ನು ಎಡಗೈಯಲ್ಲಿ ಚಾಚಿದಳು. ಆಮೇಲೆ ನೆನಪಾಗಿ ಕೈ ಹಿಂದೆಳೆದು, ಮಗುವನ್ನು ಆ ತೋಳಿಗೆ ದಾಟಿಸಲು ಹೊರಟಳು.

"ಇರಲಿ, ಕೊಡೆ," ಎಂದೆ.

ಎಡಗೈಯಲ್ಲೇ ಕೊಟ್ಟಳು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.